ಅರ್ಧ ತಲೆಯ ಪರೀಕ್ಷೆ

ದೊಡ್ಡಕ್ಕ ಯಾರನ್ನೂ ನಂಬುವ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಅವರನ್ನು ಬಲ್ಲವರೆಲ್ಲ ಮೊದಲು ಆಡುವ ಮಾತೇ ಅದು. ಡಾಕ್ಟರ ಬಳಿ ಹೋಗುವಾಗ ಜ್ವರ ನೋಡುವ ಕಡ್ಡಿಯನ್ನು ತಾವೇ ಒಯ್ಯುತ್ತಿದ್ದರು. ಬಸ್ಸು ಏಳು ಗಂಟೆಗೆ ಎಂದು ಇಬ್ಬರು ಹೇಳಿದ ಮೇಲೂ ನಿಲ್ದಾಣಕ್ಕೆ ಹೋಗಿ ಬೋರ್ಡು ಓದಿ, ಬೋರ್ಡನ್ನೂ ನಂಬದೆ ಕಂಡಕ್ಟರನ್ನು ಕೇಳಿ, ಆರೂವರೆಯಿಂದಲೇ ಕಾದು ನಿಂತಿರುತ್ತಿದ್ದರು. ಬಾಗಿಲಿಗೆ ಬೀಗ ಹಾಕಿ ಎಳೆದು ನೋಡುವುದು ಎಲ್ಲರೂ ಮಾಡುವ ಕೆಲಸ. ದೊಡ್ಡಕ್ಕ ನಾಲ್ಕು ಹೆಜ್ಜೆ ಹೋಗಿ, ಹಿಂದಿರುಗಿ, ಇನ್ನೊಮ್ಮೆ ಎಳೆಯುತ್ತಿದ್ದರು. ಮೊದಲು ಎಳೆದದ್ದು ತಮ್ಮದೇ ಕೈಯಾದರೂ ಅದರ ಮೇಲೂ ಅವರಿಗೆ ಅಷ್ಟೇನೂ ಭರವಸೆ ಇರಲಿಲ್ಲವೆಂದು ಕಾಣುತ್ತದೆ.

ಹೀಗೆ ಹೇಳುವವರಲ್ಲಿ ಎಲ್ಲರಿಗಿಂತ ಹೆಚ್ಚು ಹಕ್ಕಿದ್ದವಳು ಅವರ ತಮ್ಮನ ಹೆಂಡತಿ. ಹನ್ನೊಂದು ವರ್ಷ ಒಂದೇ ಸೂರಿನ ಕೆಳಗೆ ಬಾಳಿ, ಆಮೇಲೆ ಮೂರು ವರ್ಷ ಒಂದೇ ಮೇಜಿನ ಎದುರುಬದುರು ಕೂತು ಕೆಲಸ ಮಾಡಿದವಳು. ಕಾರ್ಖಾನೆಯ ಹೆಂಗಸರು ಯಜಮಾನನ ಅಕ್ಕನನ್ನು ದೊಡ್ಡಕ್ಕ ಎಂದೂ ಯಜಮಾನನ ಹೆಂಡತಿಯನ್ನು ಚಿಕ್ಕಕ್ಕ ಎಂದೂ ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆಯಬಹುದು.

ಕಾರ್ಖಾನೆ ಎಂದರೆ ದೊಡ್ಡದೇನೂ ಅಲ್ಲ. ರೈಲು ಹಳಿಯಾಚೆ, ಟೈರು ಗೋದಾಮಿನ ಪಕ್ಕದಲ್ಲಿ, ತಗಡಿನ ಸೂರಿನ ಒಂದು ಕಟ್ಟಡ. ಕೆಳಗೆ ಕ್ರೀಮು ಕಾಯಿಸಿ ಕಡೆಯುವ ಎರಡು ಉಕ್ಕಿನ ಕಡಾಯಿ, ಶೀಶೆ ತುಂಬುವ ಯಂತ್ರ, ಚೀಟಿ ಅಂಟಿಸುವ ಉದ್ದನೆಯ ಮೇಜು. ಕಡಿದಾದ ಮೆಟ್ಟಿಲು ಹತ್ತಿದರೆ ಲ್ಯಾಬು: ಒಂದು ಕಿಟಕಿ, ಒಂದು ಸಿಂಕು, ಒಂದು ಫ್ರಿಜ್ಜು, ಮತ್ತು ಕಲ್ಲುಚಪ್ಪಡಿಯ ಮೇಲೆ ಕೂರಿಸಿದ ತಕ್ಕಡಿ. ರಸ್ತೆಯಲ್ಲಿ ಲಾರಿ ಹೋದರೆ ತಕ್ಕಡಿಯ ಅಂಕಿಗಳು ಕುಣಿಯುತ್ತಿದ್ದವು. ಲಾರಿ ದಾಟುವ ತನಕ ಚಮಚ ಹಿಡಿದು, ಉಸಿರು ಬಿಗಿಹಿಡಿದು ನಿಲ್ಲಬೇಕು. ಮಾಲನ್ನು ಹಚ್ಚಿ ನೋಡಲೆಂದು ಗೋಡೆಯ ಮೊಳೆಗಳಿಗೆ ಮನುಷ್ಯರ ಕೂದಲಿನ ಕುಚ್ಚುಗಳನ್ನು ತೂಗುಹಾಕಿದ್ದರು. ಕಪ್ಪು, ಕಂದು, ನರೆತದ್ದು, ಬಣ್ಣ ಹಾಕಿ ಕೆಟ್ಟದ್ದು, ಒಂದೊಂದಕ್ಕೂ ಒಂದು ಚೀಟಿ. ಗೊತ್ತಿಲ್ಲದೆ ಒಳಗೆ ಕಾಲಿಟ್ಟವರು ಹೌಹಾರುತ್ತಿದ್ದರು. ಒಮ್ಮೆ ವಿದ್ಯುತ್ ಮೀಟರು ನೋಡಲು ಬಂದವನು ಮೀಟರು ನೋಡದೆಯೇ ಇಳಿದುಹೋಗಿದ್ದ.

ಚಿಕ್ಕಕ್ಕ ಆ ಮೆಟ್ಟಿಲು ಹತ್ತಿದ್ದು ಮದುವೆಯಾಗಿ ಹನ್ನೊಂದು ವರ್ಷದ ಮೇಲೆ. ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದವಳು ಎರಡನೆಯ ವರ್ಷಕ್ಕೆ ಬಿಟ್ಟು ಮದುವೆಯಾಗಿದ್ದಳು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಕೆಳಗಿನ ಮೇಜಿನಲ್ಲಿ ಚೀಟಿ ಅಂಟಿಸಲು ಕೂತವಳು ಅಲ್ಲೇ ಇದ್ದಳು. ಒಂದು ಬೆಳಿಗ್ಗೆ ದೊಡ್ಡಕ್ಕ ಕೆಳಗೆ ಬಂದು, ಎದುರು ನಿಂತು, ನಲವತ್ತು ಶೀಶೆ ತುಂಬಿದ ತಟ್ಟೆಯನ್ನು ತೋರಿಸಿ, ಎತ್ತಿ ಹಿಡಿದುಕೋ ಎಂದರು. ಹಿಡಿದಳು. ದೊಡ್ಡಕ್ಕ ಗೋಡೆ ಗಡಿಯಾರ ನೋಡುತ್ತ ನಿಂತರು. ಚಿಕ್ಕಕ್ಕನ ರಟ್ಟೆ ಕಿತ್ತುಬರುತ್ತಿತ್ತು, ಆದರೂ ಯಾಕೆ ಎಂದು ಕೇಳುವ ಧೈರ್ಯವಾಗಲಿಲ್ಲ.

"ಕೈ ನಡುಗಲ್ಲ. ನಾಳೆಯಿಂದ ಮೇಲೆ ಬಾ," ಎಂದಷ್ಟೇ ಹೇಳಿ ದೊಡ್ಡಕ್ಕ ಹೊರಟುಹೋದರು.

ದೊಡ್ಡಕ್ಕನ ಬಲಗೈ ನಡುಗಲು ಶುರುವಾಗಿ ಆಗಲೇ ಆರು ತಿಂಗಳಾಗಿತ್ತೆಂಬುದು ಮೇಲೆ ಹೋದ ಮೇಲೆ ತಿಳಿಯಿತು. ಅಲ್ಲಿಯವರೆಗೆ ಮನೆಯವರಿಗೂ ಸುಳಿವು ಕೊಟ್ಟಿರಲಿಲ್ಲ. ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿಯುವುದನ್ನು ಎಲ್ಲರೂ ಹೊಸ ಹಠವೆಂದು ತಿಳಿದಿದ್ದರು.

ಮೊದಲ ತಿಂಗಳುಗಳು ಚಿಕ್ಕಕ್ಕನಿಗೆ ನರಕವೇ. ಲ್ಯಾಬಿನ ಪ್ರತಿಯೊಂದು ತೂಕದ ಚೀಟಿಯಲ್ಲಿ ಎರಡು ಖಾನೆಗಳಿದ್ದವು: ತೂಗಿದವರು, ನೋಡಿದವರು. ತೂಗಿದವಳು ಚಿಕ್ಕಕ್ಕನಾದರೆ ನೋಡುವವರು ದೊಡ್ಡಕ್ಕ. ನೋಡುವುದೆಂದರೆ ಕಣ್ಣಾಡಿಸುವುದಲ್ಲ. ಡಬ್ಬಿಯ ಹೆಸರು ಓದಿಸುತ್ತಿದ್ದರು, ಅಂಕಿ ಓದಿಸುತ್ತಿದ್ದರು, ಡಬ್ಬಿ ತಿರುಗಿಸಿ ಮತ್ತೆ ಓದಿಸುತ್ತಿದ್ದರು. ಅನುಮಾನ ಬಂದರೆ ಅರ್ಧ ದಿನದ ಕೆಲಸವನ್ನು ಸಿಂಕಿಗೆ ಸುರಿಸುತ್ತಿದ್ದರು. ಅತ್ತಿಗೆಗೆ ತನ್ನ ಮೇಲೆ ಇಷ್ಟೂ ನಂಬಿಕೆ ಇಲ್ಲವಲ್ಲ ಎಂದು ಚಿಕ್ಕಕ್ಕ ಹಿಂಬದಿಯ ಮೆಟ್ಟಿಲಲ್ಲಿ ಕೂತು ಎಷ್ಟೋ ಸಲ ಅತ್ತಿದ್ದಾಳೆ. ಗಂಡನಲ್ಲಿ ದೂರಿಕೊಂಡಾಗ ಅವನು ನಕ್ಕು, "ನಂಗೆ ನಡೆಯೋಕೆ ಬಂದ ಮೇಲೂ ಎರಡು ವರ್ಷ ಅಕ್ಕ ಕೈ ಬಿಟ್ಟಿರಲಿಲ್ಲವಂತೆ," ಎಂದ. ಆಮೇಲೆ ನಗು ನಿಲ್ಲಿಸಿ ಹಳೆಯ ಸಂಗತಿಯೊಂದನ್ನು ಹೇಳಿದ. ದೊಡ್ಡಕ್ಕ ಇಪ್ಪತ್ತನಾಲ್ಕರ ಹರೆಯದಲ್ಲಿ ಬೇರೊಂದು ಕಡೆ ಕೆಲಸಕ್ಕಿದ್ದಾಗ, ಪ್ರೋಟೀನ್ ಹಾಕಿದ ಹೊಸ ಕ್ರೀಮಿನ ಒಂದು ಡಬ್ಬಿಯನ್ನು ಹೆಮ್ಮೆಯಿಂದ ತಾಯಿಗೆ ತಂದುಕೊಟ್ಟಿದ್ದರು. ಕೆಡದಂತೆ ಕಾಯುವ ವಸ್ತು ಸಾಲದೆ ಅದರಲ್ಲಿ ಕಣ್ಣಿಗೆ ಕಾಣದ ಹುಳ ಸೇರಿತ್ತು. ತಾಯಿಯ ಕೆನ್ನೆ ಕೀವುಗಟ್ಟಿ ಮಾಯಲು ಮೂರು ತಿಂಗಳು ಹಿಡಿಯಿತು, ಕಲೆ ಕೊನೆಯವರೆಗೂ ಹೋಗಲಿಲ್ಲ. ಕ್ರೀಮು ಪರೀಕ್ಷೆ ಆಗಿದೆಯೇ ಎಂದು ದೊಡ್ಡಕ್ಕ ಮೊದಲೇ ಕೇಳಿದ್ದರಂತೆ. ಆಗಿದೆ ಎಂದು ಮೇಲಿನವರು ಹೇಳಿದ್ದರಂತೆ.

ಅಂದಿನಿಂದ ತಾವೇ ಮುಂದೆ ನಿಂತು ತೂಗಿಸದ ಯಾವುದನ್ನೂ ದೊಡ್ಡಕ್ಕ ಮೈಗೆ ಸೋಕಿಸಿಕೊಂಡವರಲ್ಲ. ಅಂಗಡಿಯ ಸೋಪಿಗೂ ಆ ಮರ್ಯಾದೆ ಇರಲಿಲ್ಲ. ಮನೆಗೆ ಬೇಕಾದದ್ದನ್ನು ಲ್ಯಾಬಿನಲ್ಲೇ ಮಾಡಿಕೊಳ್ಳುತ್ತಿದ್ದರು.

ಇದನ್ನು ತಿಳಿದ ಮೇಲೆ ಚಿಕ್ಕಕ್ಕನ ಅಳು ನಿಂತಿತು, ಕಲಿಕೆ ಶುರುವಾಯಿತು. ದೊಡ್ಡಕ್ಕನ ಪಾಠ ಪುಸ್ತಕದ ಪಾಠವಲ್ಲ, ಜಗಳದ ಪಾಠ. ಕಚ್ಚಾಮಾಲು ಮಾರುವ ಒಬ್ಬ ಮನುಷ್ಯ ತಿಂಗಳಿಗೊಮ್ಮೆ ಕೈಚೀಲದ ತುಂಬ ಸಣ್ಣ ಶೀಶೆಗಳನ್ನು ಹೊತ್ತು ಬರುತ್ತಿದ್ದ. ಹೆಂಗಸರು ಅವನಿಗೆ ಸ್ಯಾಂಪಲ್ಲಪ್ಪ ಎಂದು ಹೆಸರಿಟ್ಟಿದ್ದರು. ಒಮ್ಮೆ ಅವನು ಕೊಲಾಜೆನ್ ಎಂಬ ಪ್ರೋಟೀನಿನ ಶೀಶೆಯನ್ನು ಬೆಳಕಿಗೆ ಹಿಡಿದು, ಇದು ಚರ್ಮದ ಒಳಪದರಕ್ಕೇ ಇಳಿಯುತ್ತದೆ ಎಂದ.

"ಇಡೀ ಕೊಲಾಜೆನ್ನಾ?" ದೊಡ್ಡಕ್ಕ ಕೇಳಿದರು.

"ಇಡೀದೇ ಮೇಡಂ."

"ಆ ಬಾಗಿಲಿನ ಬೀಗದ ತೂತಲ್ಲಿ ಒಂದು ಹಾಸಿಗೆ ತೂರಿಸಿ ತೋರಿಸಿ. ಆಮೇಲೆ ಕೂತು ಮಾತಾಡೋಣ."

ಅವನು ಹೋದ ಮೇಲೆ ದೊಡ್ಡಕ್ಕ ಅದೇ ಶೀಶೆಯನ್ನು ಚಿಕ್ಕಕ್ಕನ ಮುಂದಿಟ್ಟರು. ಕೊಲಾಜೆನ್ ಕೆಟ್ಟದ್ದು ಎಂದು ತಾನು ಹೇಳಲಿಲ್ಲ, ಅದು ಮಾಡದ ಕೆಲಸವನ್ನು ಅದರ ತಲೆಗೆ ಕಟ್ಟಬಾರದು ಎಂದರು. ಅದು ಚರ್ಮದ ಮೇಲೆ ತೆಳ್ಳನೆಯ ಪೊರೆಯಾಗಿ ಕೂತು ನೀರನ್ನು ಹಿಡಿದಿಡುತ್ತದೆ. ಅದೇ ದೊಡ್ಡ ಉಪಕಾರ. ಸಣ್ಣಗೆ ತುಂಡರಿಸಿದ ಪ್ರೋಟೀನಾದರೆ ಕೂದಲೊಳಗೆ ಒಂದಿಷ್ಟು ಹೋಗಬಲ್ಲದು, ದೊಡ್ಡ ತುಂಡು ಹೊರಗೇ ನಿಂತು ಎಳೆಗೆ ಹೊದಿಕೆಯಾಗುತ್ತದೆ. ಹಾಗಾಗಿ ಯಾವ ಪ್ರೋಟೀನ್ ಎಂದು ಕೇಳುವ ಮೊದಲು ಎಷ್ಟು ಸಣ್ಣ ತುಂಡು ಎಂದು ಕೇಳಬೇಕು. ಎಲ್ಲಿಂದ ಬಂತು ಎಂದೂ ಕೇಳಬೇಕು: ಮೀನಿನದೇ, ದನದ್ದೇ, ಉಣ್ಣೆಯದೇ, ಗೋಧಿಯದೇ. ತಿನ್ನದವರು ಹಚ್ಚಿಕೊಳ್ಳುವುದೂ ಇಲ್ಲ, ಅವರಿಗೆ ಸುಳ್ಳು ಹೇಳಬಾರದು. ಗೋಧಿ ಒಗ್ಗದ ಮೈಗಳೂ ಇವೆ. ಮತ್ತು ಪ್ರೋಟೀನ್ ಎಂದರೆ ಊಟ, ನಮಗೆ ಹೇಗೋ ಹುಳಕ್ಕೂ ಹಾಗೆ. ಅದನ್ನು ಹಾಕಿದ ಯಾವ ಡಬ್ಬಿಯೂ ಕೆಡದಂತೆ ಕಾಯುವ ವಸ್ತುವಿಲ್ಲದೆ ಹೊರಗೆ ಹೋಗಕೂಡದು. ಇದನ್ನು ಹೇಳುವಾಗ ಮಾತ್ರ ಅವರ ದನಿ ಸ್ವಲ್ಪ ಗಡಸಾಯಿತು.

ಪೆಪ್ಟೈಡ್ ಎಂದರೇನೆಂದು ಚಿಕ್ಕಕ್ಕ ಕೇಳಿದಾಗ ಬಂದ ಉತ್ತರವನ್ನು ಅವಳು ಇಂದಿಗೂ ಹಾಗೇ ಒಪ್ಪಿಸುತ್ತಾಳೆ. "ತುಂಡಿನ ತುಂಡು. ಚರ್ಮಕ್ಕೆ ಒಂದು ಚೀಟಿ ಬರೆದು ಕಳಿಸಿದ ಹಾಗೆ, ಇಂಥಾ ಕೆಲಸ ಶುರು ಮಾಡಪ್ಪಾ ಅಂತ. ಚೀಟಿ ತಲುಪಿತಾ, ಓದಿದ್ರಾ, ಓದಿ ಸುಮ್ಮನಾದ್ರಾ, ಅದನ್ನ ನೋಡಬೇಕಾದವರು ನಾವು. ಮಾರೋನು ಚೀಟಿ ಬರೆದಿದ್ದನ್ನಷ್ಟೇ ಹೇಳ್ತಾನೆ."

ಇನ್ನೊಂದು ಸಂಗತಿಯೂ ಚಿಕ್ಕಕ್ಕನಿಗೆ ನಿಧಾನವಾಗಿ ಹೊಳೆಯಿತು. ಮನೆಯಲ್ಲಿ ಅವಳ ಮಾತನ್ನು ಎಲ್ಲರೂ ಹ್ಞೂ ಎಂದು ಒಪ್ಪುತ್ತಿದ್ದರು, ಯಾರೂ ಕಿವಿಗೊಟ್ಟು ಕೇಳುತ್ತಿರಲಿಲ್ಲ. ಇಲ್ಲಿ ಒಬ್ಬರು ಅವಳು ಬರೆದ ಪ್ರತಿ ಅಂಕಿಯ ಮೇಲೆ ಬೆರಳಿಟ್ಟು ಓದುತ್ತಿದ್ದರು, ಯಾಕೆ ಹೀಗೆ ಎಂದು ಕೇಳುತ್ತಿದ್ದರು, ಅವಳ ಉತ್ತರಕ್ಕೆ ಕಾಯುತ್ತಿದ್ದರು. ತನ್ನನ್ನು ಇಷ್ಟು ಗಮನವಿಟ್ಟು ಓದಿದವರು ಹುಟ್ಟಿದಾಗಿನಿಂದ ಇನ್ನೊಬ್ಬರಿಲ್ಲ ಎಂದು ಅವಳಿಗೆ ಅನ್ನಿಸಿತು. ಅತ್ತಿಗೆಯ ಅಪನಂಬಿಕೆಯನ್ನು ಅವಳು ಉಪಕಾರವೆಂದು ಲೆಕ್ಕ ಹಾಕತೊಡಗಿದ್ದು ಅಲ್ಲಿಂದ.

ಮೂರನೆಯ ವರ್ಷ ಯಜಮಾನ ಲ್ಯಾಬು ಮುಚ್ಚುವ ಮಾತೆತ್ತಿದ. ಕೆಟ್ಟ ಮನುಷ್ಯನಲ್ಲ, ಸುಸ್ತಾದ ಮನುಷ್ಯ. ಅಕ್ಕನ ಕೈ ಈಗ ಚಮಚವನ್ನೇ ಹಿಡಿಯುತ್ತಿರಲಿಲ್ಲ, ಹೆಂಡತಿಯ ಬಳಿ ಡಿಗ್ರಿಯಿಲ್ಲ. ಸಿದ್ಧ ಕ್ರೀಮು ಡ್ರಮ್ಮುಗಳಲ್ಲಿ ಬರುತ್ತದೆ, ಪರಿಮಳ ಸೇರಿಸಿ, ತುಂಬಿ, ಚೀಟಿ ಅಂಟಿಸಿದರೆ ಮುಗಿಯಿತು, ಎಷ್ಟೋ ಜನ ಹಾಗೇ ಮಾಡುತ್ತಿದ್ದಾರೆ ಎಂದ. ದೊಡ್ಡಕ್ಕ ಜಗಳವಾಡಲಿಲ್ಲ. ಅದೇ ಚಿಕ್ಕಕ್ಕನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಮತ್ತೆ ಕೆಳಗಿನ ಮೇಜು, ಮತ್ತೆ ಚೀಟಿ. ಈ ಕಿಟಕಿ, ಈ ತಕ್ಕಡಿ, ಈ ಯಾಕೆ ಹೀಗೆ ಎನ್ನುವ ಪ್ರಶ್ನೆಗಳೆಲ್ಲ ಮುಗಿದಂತೆಯೇ ಎಂದುಕೊಂಡಳು.

ಅಷ್ಟರಲ್ಲಿ ಹದಿನಾರು ಬ್ಯೂಟಿ ಪಾರ್ಲರುಗಳ ಒಡತಿಯೊಬ್ಬರು ತಮ್ಮದೇ ಹೆಸರಿನಲ್ಲಿ ಕೂದಲಿಗೆ ಹಚ್ಚಿ ತೊಳೆಯುವ ಮಾಸ್ಕು ಮಾಡಿಸಲು ಕಾರ್ಖಾನೆ ಹುಡುಕುತ್ತಿದ್ದರು. ಎಲ್ಲರೂ ಅವರನ್ನು ಪಾರ್ಲರಮ್ಮ ಎನ್ನುತ್ತಿದ್ದರು. ಯಜಮಾನ ಹೆಂಡತಿಗೆ ನೇರವಾಗಿ ಹೇಳಿದ: ಇದೊಂದನ್ನು ನೀನು ಮಾಡಿ ಒಪ್ಪಿಸು, ಲ್ಯಾಬು ಉಳಿಯುತ್ತದೆ, ಆಗದಿದ್ದರೆ ಡ್ರಮ್ಮು.

ಪಾರ್ಲರಮ್ಮನಿಗೆ ಕೊಲಾಜೆನ್, ಕೆರಾಟಿನ್, ಪೆಪ್ಟೈಡ್ ಮೂರೂ ಡಬ್ಬಿಯ ಮೇಲೆ ಬೇಕಿತ್ತು. ಐದು ನಿಮಿಷಕ್ಕೆ ತೊಳೆದುಹೋಗುವ ಮಾಲಿಗೆ ಪೆಪ್ಟೈಡ್ ಹಾಕುವುದೆಂದರೆ ಅದನ್ನು ಚರಂಡಿಗೆ ಹಚ್ಚಿದಂತೆ ಎಂದು ದೊಡ್ಡಕ್ಕ ಗೊಣಗಿದರು, ಆದರೆ ಆಯ್ಕೆಯನ್ನು ಚಿಕ್ಕಕ್ಕನಿಗೇ ಬಿಟ್ಟರು. ಕೇಳಿದರೆ ಉತ್ತರ ಕೊಡುತ್ತಿರಲಿಲ್ಲ, ತಿರುಗಿ ಪ್ರಶ್ನೆ ಹಾಕುತ್ತಿದ್ದರು. ಚಿಕ್ಕಕ್ಕ ಪೆಪ್ಟೈಡ್ ಬಿಟ್ಟಳು, ಬಿಟ್ಟದ್ದಕ್ಕೆ ಕಾರಣವನ್ನು ಪಾರ್ಲರಮ್ಮನಿಗೆ ಹೇಳಿ ಒಪ್ಪಿಸಿದಳು. ನೀರು ಹಿಡಿಯಲು ಮೀನಿನ ಕೊಲಾಜೆನ್ನಿನ ಸಣ್ಣ ತುಂಡುಗಳನ್ನು ಇಟ್ಟುಕೊಂಡು, ಡಬ್ಬಿಯ ಮೇಲೆ ಮೀನಿನದೆಂದೇ ಬರೆಯಬೇಕೆಂದು ಹಠ ಹಿಡಿದಳು. ಕೂದಲಿನ ಒಳಗಿನ ಕೆಲಸಕ್ಕೆ ಕೆರಾಟಿನ್, ಅಂದರೆ ಉಣ್ಣೆಯಿಂದ ತೆಗೆದ ಪ್ರೋಟೀನಿನ ಸಣ್ಣ ತುಂಡು. ಹೊರಗಿನ ಹೊದಿಕೆಗೆ ಮೊದಲು ಗೋಧಿಯ ಪ್ರೋಟೀನ್ ಎಂದುಕೊಂಡಿದ್ದಳು. ಆದರೆ ಪಾರ್ಲರಿನ ಹುಡುಗಿಯರು ದಿನವಿಡೀ ಬರಿಗೈಯಲ್ಲಿ ಇದನ್ನೇ ಹಚ್ಚುತ್ತಾರಲ್ಲ, ಅವರಲ್ಲಿ ಗೋಧಿ ಒಗ್ಗದವಳು ಒಬ್ಬಳಿದ್ದರೆ ಎಂಬ ಯೋಚನೆ ಬಂದು ಅಕ್ಕಿಯದಕ್ಕೆ ಬದಲಾಯಿಸಿದಳು. ಅದನ್ನು ಕೇಳಿ ದೊಡ್ಡಕ್ಕ ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ಹೊಗಳಿಕೆ ಎಂದು ಅವರಿಂದ ಸಿಗುತ್ತಿದ್ದದ್ದು ಅಷ್ಟೇ.

ಕೆರಾಟಿನ್ನಿನ ವಾಸನೆ ಸಾಮಾನ್ಯದ್ದಲ್ಲ. ಮೊದಲ ಮಾದರಿ ನೆಂದ ಕಂಬಳಿಯಂತೆ ನಾರಿತು. ನಾಲ್ಕನೆಯದು ಕೂದಲನ್ನು ಎಣ್ಣೆಯಲ್ಲಿ ಅದ್ದಿದಂತೆ ಜೋತುಬೀಳಿಸಿತು. ಕುಚ್ಚಿನ ಮೇಲೆ ಗೆದ್ದದ್ದನ್ನು ಆಮೇಲೆ ಜೀವಂತ ತಲೆಗೆ ಹಚ್ಚಬೇಕು. ಅಲ್ಲಿನ ಪದ್ಧತಿಗೆ ಅರ್ಧ ತಲೆ ಎಂದು ಹೆಸರು. ಬೈತಲೆ ತೆಗೆದು ಎಡಕ್ಕೆ ಹಳೆಯ ಮಾಲು, ಬಲಕ್ಕೆ ಹೊಸದು ಹಚ್ಚಿ, ತೊಳೆದು, ಒಣಗಿಸಿ, ಉಳಿದವರು ಕಣ್ಣು ಮುಚ್ಚಿ ಮುಟ್ಟಿ ಹೇಳಬೇಕು. ಪ್ಯಾಕಿಂಗಿನ ಹೆಂಗಸರಿಗೆ ಅದೊಂದು ಹಬ್ಬ. ಬಾಗಿಲು ಕಾಯುವ ಬೋಳುತಲೆಯವರು ಕೂಡ ಒಮ್ಮೆ ಬಂದು, ನನ್ನ ತಲೆಯನ್ನು ಯಾಕೆ ಬಿಟ್ಟಿರಿ ಎಂದು ಕೇಳಿದರು. "ಅರ್ಧ ಮಾಡೋಕೆ ಮೊದಲು ಪೂರ್ತಿ ಇರಬೇಕಲ್ಲ ಅಣ್ಣಾ," ಎಂದು ಹೆಂಗಸರು ಅವರನ್ನು ಓಡಿಸಿದರು. ಒಂಬತ್ತನೆಯ ಮಾದರಿ ಐದು ತಲೆಗಳ ಮೇಲೂ ಗೆದ್ದಿತು. ಒಂದು ಕಿಲೋ ಮಾಡಿ ಕಳಿಸಿ, ನಮ್ಮಲ್ಲೇ ಹಚ್ಚಿ ನೋಡುತ್ತೇವೆ ಎಂದು ಪಾರ್ಲರಮ್ಮ ಹೇಳಿಕಳಿಸಿದರು.

ತಪ್ಪು ಆದದ್ದು ಆ ಒಂದು ಕಿಲೋದಲ್ಲಿ. ಅಂದು ದೊಡ್ಡಕ್ಕ ಕೈ ತೋರಿಸಲು ಡಾಕ್ಟರ ಬಳಿ ಹೋಗಿದ್ದರು. ಮಾದರಿಗೆ ಬಳಸಿದ ಕೆರಾಟಿನ್ ನೀರಿನಂಥ ದ್ರವ, ಅದರಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ನಿಜವಾದ ಪ್ರೋಟೀನ್, ಉಳಿದದ್ದು ನೀರು. ಕಿಲೋ ಮಾಡಲು ಅದು ಸಾಲಲಿಲ್ಲ. ಪಕ್ಕದಲ್ಲೇ ಅದೇ ಕೆರಾಟಿನ್ನಿನ ಪುಡಿಯ ಡಬ್ಬಿಯಿತ್ತು, ಅದೇ ಹೆಸರು, ಅದೇ ಬಣ್ಣದ ಚೀಟಿ. ಚಿಕ್ಕಕ್ಕ ತೂಕದ ಚೀಟಿಯಲ್ಲಿದ್ದ ಅಂಕಿಯನ್ನು ಹಾಗೇ ಪುಡಿಯಲ್ಲಿ ತೂಗಿದಳು. ಪುಡಿಯಲ್ಲಿ ನೀರಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಗಂಡ ಕೆಳಗಿನಿಂದ ಆಯಿತೇ ಎಂದು ಎರಡು ಸಲ ಕೂಗಿದ್ದ. ನೋಡಿದವರು ಎಂಬ ಖಾನೆ ಖಾಲಿ ಉಳಿಯಿತು. ಮಾಸ್ಕು ಎಂದಿಗಿಂತ ತುಸು ಹಳದಿಯಾಗಿ ಕಂಡದ್ದು ಕಿಟಕಿಯ ಬಿಸಿಲಿನಿಂದ ಎಂದುಕೊಂಡು, ಡಬ್ಬಿ ಮುಚ್ಚಿ ಕೊಟ್ಟಳು. ಯಜಮಾನ ಎರಡು ಗಂಟೆಗೆ ತಲುಪಿಸಿಬಂದ.

ಪಾತ್ರೆಯಲ್ಲಿ ಉಳಿದದ್ದನ್ನು ಅವಳು ತನ್ನದೇ ಬಲಭಾಗದ ಕೂದಲಿಗೆ ಹಚ್ಚಿಕೊಂಡಳು, ಸುಮ್ಮನೆ, ಖುಷಿಗೆ. ನಾಲ್ಕು ಗಂಟೆಗೆ ಒಣಗಿಸಿ ಬೆರಳಾಡಿಸಿದರೆ ಬೆರಳು ಸಿಕ್ಕಿಕೊಂಡಿತು. ಎಡಗಡೆ ಕೂದಲು, ಬಲಗಡೆ ಪೊರಕೆ. ಪ್ರೋಟೀನ್ ಅತಿಯಾದರೆ ಕೂದಲು ಸೆಟೆದು ಕಡ್ಡಿಯಾಗುತ್ತದೆ. ಅದನ್ನು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ತಿರುಗಿ ನೋಡಿದಳು, ಪುಡಿಯ ಡಬ್ಬಿ ತಕ್ಕಡಿಯ ಪಕ್ಕದಲ್ಲೇ ಕೂತಿತ್ತು.

ಗಂಡನನ್ನು ಮೇಲೆ ಕರೆಸಿ ಹೇಳಿದಳು. ಡಾಕ್ಟರಲ್ಲಿಂದ ಬಂದ ದೊಡ್ಡಕ್ಕನೂ ಅಲ್ಲೇ ಕುರ್ಚಿಯಲ್ಲಿದ್ದರು. ಯಜಮಾನ ಅವಳ ಬಲಗಡೆಯ ಕೂದಲನ್ನು ಮುಟ್ಟಿ ನೋಡಿದ.

"ಕೆರಾಟಿನ್ ಕೊಟ್ಟೋರು ಕೆಟ್ಟ ಮಾಲು ಕಳಿಸಿದ್ರು ಅಂತ ಹೇಳೋಣ," ಎಂದ. "ಸ್ಯಾಂಪಲ್ಲಪ್ಪ ಏನು ಬಂದು ಸಾಕ್ಷಿ ಹೇಳ್ತಾನಾ? ತಪ್ಪು ಲ್ಯಾಬಿಂದಾಯ್ತು ಅಂತ ನೀನೇ ಒಪ್ಪಿಕೊಂಡ್ರೆ, ಲ್ಯಾಬ್ ಯಾಕಿರಬೇಕು ಅಂತ ಮೊದಲು ಕೇಳೋರು ಅವರು. ನಾನಲ್ಲ."

ಲ್ಯಾಬಿನ ಬಗ್ಗೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಚಿಕ್ಕಕ್ಕ ಅತ್ತಿಗೆಯ ಮುಖ ನೋಡಿದಳು. ದೊಡ್ಡಕ್ಕ ಸೆರಗಿನಿಂದ ಕನ್ನಡಕ ಒರೆಸುತ್ತಿದ್ದರು. ಕೈ ನಡುಗುತ್ತಿದ್ದರಿಂದ ಅದು ಬಹಳ ಹೊತ್ತು ಹಿಡಿಯಿತು. ಅಲ್ಲಿಂದ ಯಾವ ಸಹಾಯವೂ ಬರಲಿಲ್ಲ.

ಚಿಕ್ಕಕ್ಕ ಫೋನೆತ್ತಿ ಪಾರ್ಲರಮ್ಮನಿಗೇ ಮಾಡಿದಳು. "ತೂಗಿದ್ದು ನಾನು, ತಪ್ಪು ನನ್ನದು. ದ್ರವದ ಲೆಕ್ಕದಲ್ಲಿ ಪುಡಿ ಹಾಕಿದೀನಿ, ಐದು ಪಟ್ಟು ಜಾಸ್ತಿಯಾಗಿದೆ. ದಯವಿಟ್ಟು ಯಾರ ತಲೆಗೂ ಹಚ್ಚಬೇಡಿ."

ಪಾರ್ಲರಮ್ಮ, ನಮ್ಮ ಹುಡುಗಿಯೊಬ್ಬಳು ಆಗಲೇ ಹಚ್ಚಿಕೊಂಡು ಅಳುತ್ತ ಕೂತಿದ್ದಾಳೆ, ಅವಳ ಕೈ ದೋಷವೆಂದು ನಾವೆಲ್ಲ ಅವಳನ್ನೇ ಬೈದೆವು ಎಂದರು. ಏನೂ ಪ್ರೋಟೀನಿಲ್ಲದ ಸಾದಾ ಕಂಡೀಷನರು ಹಚ್ಚಿ ನಾಲ್ಕಾರು ಸಲ ತೊಳೆದರೆ ಸರಿಹೋಗುತ್ತದೆ, ಅವಳ ತಪ್ಪಿಲ್ಲವೆಂದು ಅವಳಿಗೆ ಹೇಳಿಬಿಡಿ ಎಂದು ಚಿಕ್ಕಕ್ಕ ಎರಡೆರಡು ಸಲ ಹೇಳಿದಳು.

"ಒಂಬತ್ತು ದಿನ ಬಿಟ್ಟು ನಾನೇ ಬರ್ತೀನಿ," ಎಂದರು ಪಾರ್ಲರಮ್ಮ. "ಕುಚ್ಚು ಗಿಚ್ಚು ತೋರಿಸಬೇಡಿ. ಕೆಲಸದವರ ತಲೆಯೂ ಬೇಡ. ನಿಮ್ಮ ಮನೆಯವರ ತಲೆ ಮೇಲೆ, ನನ್ನ ಕಣ್ಣೆದುರಿಗೆ ಹಚ್ಚಬೇಕು."

ಯಜಮಾನ ಕೈ ಚೆಲ್ಲಿ ಕೆಳಗಿಳಿದ. ಪಾರ್ಲರಮ್ಮ ಏನೆಂದರೆಂದು ಚಿಕ್ಕಕ್ಕ ಹೇಳಿದ್ದನ್ನೆಲ್ಲ ಕೇಳಿ ದೊಡ್ಡಕ್ಕ ಹ್ಞೂ ಎಂದರು. ಎದ್ದು, ಪುಡಿಯ ಡಬ್ಬಿಯನ್ನು ಎಡಗೈಯಲ್ಲಿ ಎತ್ತಿ ಬೇರೆ ಕಪಾಟಿನಲ್ಲಿಟ್ಟು, ಮನೆಗೆ ಹೋದರು. ಮರುದಿನ ಬರಲಿಲ್ಲ. ಕೈ ನೋಯುತ್ತಿದೆಯಂತೆ ಎಂದು ಗಂಡ ಹೇಳಿದ. ಅದರ ಮರುದಿನವೂ, ಆಮೇಲೂ ಬರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಲ್ಯಾಬಿನ ಸುದ್ದಿ ಎತ್ತಲಿಲ್ಲ, ಕೇಳಲಿಲ್ಲ. ಚಿಕ್ಕಕ್ಕನಿಗೆ ಅರ್ಥವಾಯಿತು, ಅಥವಾ ಅರ್ಥವಾಯಿತೆಂದು ಅವಳು ಅಂದುಕೊಂಡಳು. ಮೂರು ವರ್ಷ ಬೆರಳಿಟ್ಟು ಓದಿದವರು ಪುಸ್ತಕ ಮುಚ್ಚಿಟ್ಟಿದ್ದರು.

ಮಗಳು ತಲೆ ಬಾಚಲು ಬಂದು, "ಅಮ್ಮಾ, ನಿಂಗೆ ಎರಡು ತಲೆ," ಎಂದು ನಕ್ಕಾಗಲೂ ಅವಳಿಗೆ ನಗು ಬರಲಿಲ್ಲ.

ಆದರೂ ಕೆಲಸ ನಿಲ್ಲಿಸಲಿಲ್ಲ. ದ್ರವದ ಕೆರಾಟಿನ್ ತರಿಸಿದಳು. ಕೆಳಗಿನ ಮೇಜಿನಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸನ್ನು ಮೇಲೆ ಕರೆದು, ಡಬ್ಬಿಯ ಹೆಸರು ಗಟ್ಟಿಯಾಗಿ ಓದಿಸಿದಳು, ಅಂಕಿ ಓದಿಸಿದಳು, ಡಬ್ಬಿ ತಿರುಗಿಸಿ ಮತ್ತೆ ಓದಿಸಿದಳು. ಲಾರಿ ಬಂದಾಗ ಇಬ್ಬರೂ ಉಸಿರು ಹಿಡಿದು ನಿಂತರು. "ನೀನೂ ಥೇಟ್ ದೊಡ್ಡಕ್ಕನೇ ಆದೆಯಲ್ಲ ತಾಯಿ," ಎಂದು ಆಕೆ ಗೊಣಗಿ ಸಹಿ ಹಾಕಿದಳು. ಬೇರೆ ದಿನವಾಗಿದ್ದರೆ ಚಿಕ್ಕಕ್ಕ ಅದನ್ನು ಬೈಗುಳವೆಂದು ತೆಗೆದುಕೊಳ್ಳುತ್ತಿದ್ದಳೇನೋ. ಅಂದು ಅವಳ ಕಣ್ಣು ತುಂಬಿತು. ಪ್ರೋಟೀನ್ ಸೇರಿಸುವ ಮೊದಲು ಕಡಾಯಿ ತಣಿಯಲು ಕಾಯುವಾಗ, ಹುಳದ ಪರೀಕ್ಷೆಗೆಂದು ಮುಚ್ಚಳದ ಗಾಜಿನ ತಟ್ಟೆಗಳನ್ನು ಸಾಲಾಗಿ ಇಡುವಾಗ, ತನ್ನ ಕೈ ತನ್ನದಲ್ಲ, ಕಲಿಸಿದವರದೆಂದು ಅವಳಿಗೆ ಅನ್ನಿಸುತ್ತಿತ್ತು. ಲ್ಯಾಬು ಹೋದರೂ ಇದನ್ನು ಯಾರೂ ಕಿತ್ತುಕೊಳ್ಳಲಾರರು ಎಂದುಕೊಂಡಳು. ತಟ್ಟೆಗಳು ಐದನೆಯ ದಿನಕ್ಕೂ ಸ್ವಚ್ಛವಾಗಿದ್ದವು.

ಉಳಿದದ್ದು ಒಂದೇ ತೊಡಕು: ಯಾರ ತಲೆ? ಅವಳ ಬಲಭಾಗ ಇನ್ನೂ ಪೂರ್ತಿ ಸರಿಹೋಗಿರಲಿಲ್ಲ. ಅಂಥ ತಲೆಯ ಮೇಲೆ ತೋರಿಸಿದರೆ ಅದು ಪರೀಕ್ಷೆಯಲ್ಲ, ನಾಟಕ. ಮಕ್ಕಳ ಮೇಲೆ ಏನನ್ನೂ ಪರೀಕ್ಷಿಸಕೂಡದೆಂಬುದು ಲ್ಯಾಬಿನ ಕಟ್ಟಳೆ. ಗಂಡನ ಕೂದಲು ಬೆರಳಿಗೂ ಸಿಗದಷ್ಟು ಗಿಡ್ಡ. ದೊಡ್ಡಕ್ಕನ ಹೆಸರು ಅವಳ ಮನಸ್ಸಿನಲ್ಲಿ ಸುಳಿಯಲೂ ಇಲ್ಲ. ಆ ಉದ್ದನೆಯ ಬಿಳಿ ಜಡೆಯನ್ನು ಅವಳು ಬಿಚ್ಚಿ ನೋಡಿದ್ದೇ ಇಲ್ಲ.

ಒಂಬತ್ತನೆಯ ದಿನ ಹನ್ನೊಂದು ಗಂಟೆಗೆ ಪಾರ್ಲರಮ್ಮ ಬಂದು, ಗೋಡೆಯ ಕುಚ್ಚುಗಳನ್ನು ನೋಡಿ ತುಸು ಹಿಂಜರಿದು, ಕುರ್ಚಿಯಲ್ಲಿ ಕೂತರು. ಯಜಮಾನ ಬಾಗಿಲ ಬಳಿ ನಿಂತ. ಬಟ್ಟಲು ಸಿದ್ಧವಾಗಿತ್ತು, ಪಕ್ಕದಲ್ಲಿ ತೂಕದ ಚೀಟಿ. ತಲೆ ಯಾರದು ಎಂದು ಪಾರ್ಲರಮ್ಮ ಕೇಳಿದರು. ನನ್ನದೇ, ಆದರೆ ನನ್ನದು ಸರಿಯಿಲ್ಲ ಎಂದು ಚಿಕ್ಕಕ್ಕ ಇದ್ದದ್ದನ್ನು ಇದ್ದಂತೆ ಹೇಳತೊಡಗಿದಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು.

ಮುಂದಿನದನ್ನು ಚುಟುಕಾಗಿ ಹೇಳಬಹುದು. ಪಾರ್ಲರಮ್ಮ ಅಂದು ಮಧ್ಯಾಹ್ನದವರೆಗೆ ಕೂತು, ಎಡಬಲ ಮುಟ್ಟಿ ನೋಡಿ, ಆರ್ಡರು ಕೊಟ್ಟರು. ತನ್ನ ತಪ್ಪನ್ನು ತಾನೇ ಫೋನು ಮಾಡಿ ಹೇಳಿದ ಕಾರ್ಖಾನೆ ಇದೊಂದೇ ಎಂದೂ ಹೇಳಿದರು. ಡ್ರಮ್ಮಿನ ಮಾತು ನಿಂತಿತು. ಮುಂದಿನ ವರ್ಷ ಚಿಕ್ಕಕ್ಕ ಅರ್ಧಕ್ಕೆ ಬಿಟ್ಟ ಓದನ್ನು ಮುಗಿಸಲು ಮತ್ತೆ ಹೆಸರು ಬರೆಸಿದಳು. ಇದೆಲ್ಲಕ್ಕೂ ಅವಳು ಯಾರ್ಯಾರಿಗೋ ಋಣಿ. ಆದರೆ ಅವಳು ಹೇಳುತ್ತ ಹೇಳುತ್ತ ನಿಲ್ಲಿಸಿಬಿಡುವುದು ಪ್ರತಿ ಸಲವೂ ಆ ಬೆಳಗಿನ ಮೊದಲ ಎರಡು ನಿಮಿಷದಲ್ಲೇ.

ದೊಡ್ಡಕ್ಕ ಒಳಗೆ ಬಂದು ಯಾರನ್ನೂ ಮಾತಾಡಿಸದೆ ಸಿಂಕಿನ ಮುಂದಿನ ಸ್ಟೂಲಿನಲ್ಲಿ ಬೆನ್ನು ತಿರುಗಿಸಿ ಕೂತರು. ಎಡಗೈಯಿಂದ ತುರುಬಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಜಡೆ ಬಿಚ್ಚಿತು.

"ಅತ್ತಿಗೆ, ಚೀಟಿ," ಎಂದು ಚಿಕ್ಕಕ್ಕ ಕಾಗದವನ್ನು ಮುಂದೆ ಹಿಡಿದಳು. "ಒಂದ್ಸಲ ಓದಿಬಿಡಿ. ನೀವು ನೋಡಿಲ್ಲ ಇದನ್ನ."

ದೊಡ್ಡಕ್ಕ ಕನ್ನಡಕ ತೆಗೆದು, ಮಡಿಸಿ, ಅವಳ ಕೈಯಲ್ಲಿದ್ದ ಚೀಟಿಯ ಮೇಲೇ ಇಟ್ಟರು.

"ನೀರು ಬಿದ್ದೀತು, ಇದನ್ನ ಆ ಕಡೆ ಇಡು," ಎಂದು, ತಲೆ ಬಗ್ಗಿಸಿದರು.